ಮಹಾಯುದ್ಧದ ಪದಕ ಅಸಲಿಯೋ ನಕಲಿಯೋ? ಕಂಡವರು ಹೇಳಿ

ಪ್ರಶ್ನೆ, ಚಿಂಚ್‌ವಡ್‌ನಿಂದ: ಪುಣೆಯ ಜೂನಾ ಬಜಾರ್‌ನಲ್ಲಿ ಒಂದು ಬೆಳ್ಳಿ ಪದಕ ನೋಡಿದೆ. ಮುಂದೆ ಐದನೇ ಜಾರ್ಜ್, ಹಿಂದೆ ಕುದುರೆ ಸವಾರ, 1914, 1918. ಅಂಚಿನಲ್ಲಿ ಸಿಪಾಯಿಯ ಹೆಸರು, ಮರಾಠಾ ಪಲ್ಟಣದ ಹೆಸರು ಇದೆ. ‘ಇರಾಕ್‌ನ ಕುತ್‌ನಲ್ಲಿ ತುರ್ಕರು ಹಾಕಿದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವನದು, ಬಲು ಅಪರೂಪ’ ಅಂತ ಸಿಕ್ಕಾಪಟ್ಟೆ ಬೆಲೆ ಹೇಳುತ್ತಿದ್ದಾರೆ. ತಗೊಳ್ಳಬಹುದಾ?

ಕೋಥ್ರೂಡ್‌ನಿಂದ: ಅದು ಬ್ರಿಟಿಷ್ ವಾರ್ ಮೆಡಲ್. ಲಕ್ಷಗಟ್ಟಲೆ ಹಂಚಿದ್ದಾರೆ, ಅಪರೂಪ ಏನಲ್ಲ. ಬೆಲೆ ಬರುವುದು ಅಂಚಿನ ಹೆಸರಿನಿಂದ, ಮೋಸವೂ ಅಲ್ಲೇ ನಡೆಯುತ್ತದೆ. ಹಳೆ ಹೆಸರನ್ನು ಅರದಿಂದ ಉಜ್ಜಿ, ಗಿರಾಕಿ ಇರುವ ಪಲ್ಟಣದ ಹೆಸರು ಹಾಕಿಬಿಡುತ್ತಾರೆ. ಪದಕದ ಅಡ್ಡಳತೆ 36 ಮಿ.ಮೀ. ವರ್ನಿಯರ್ ಕ್ಯಾಲಿಪರ್ ಒಯ್ದು ಬೇರೆ ಬೇರೆ ದಿಕ್ಕಿನಲ್ಲಿ ಅಳೆಯಿರಿ. ಒಂದು ಕಡೆ ಮಾತ್ರ ಕಡಿಮೆ ಬಂದರೆ ಅಲ್ಲಿ ಅರ ಓಡಿದೆ ಎಂದೇ ಲೆಕ್ಕ. ಆಮೇಲೆ ಭೂತಗನ್ನಡಿಯಲ್ಲಿ ಅಕ್ಷರ ನೋಡಿ. ಈ ಪದಕಕ್ಕೆ ಹೆಸರನ್ನು ಅಚ್ಚಿನಿಂದ ಒತ್ತುತ್ತಿದ್ದರು. ಹಸಿ ಮಣ್ಣಿಗೆ ಬೆರಳು ಒತ್ತಿದಾಗ ಸುತ್ತ ಮಣ್ಣು ಏಳುವ ಹಾಗೆ, ಅಕ್ಷರದ ಪಕ್ಕ ಲೋಹ ಚೂರು ಎದ್ದಿರುತ್ತದೆ. ಉಳಿಯಿಂದ ಕೆತ್ತಿದ್ದಾದರೆ ಗೀರು ಚೂಪಾಗಿರುತ್ತದೆ, ಅಕ್ಷರದ ಎತ್ತರವೂ ಹೆಚ್ಚುಕಡಿಮೆ ಆಗಿರುತ್ತದೆ. ರಾಜನ ಮೂಗು, ಕೂದಲು ಸವೆದು ಅಂಚಿನ ಹೆಸರು ಮಾತ್ರ ಹೊಸದಾಗಿ ಕಂಡರೆ, ಬಿಟ್ಟು ಬನ್ನಿ.

ಠಾಣೆಯಿಂದ: ಮುಂಬೈ ಚೋರ್ ಬಜಾರ್ ಕಡೆ ಪೂರ್ತಿ ನಕಲಿಯೂ ಸಿಗುತ್ತದೆ. ಅಚ್ಚಿಗೆ ಲೋಹ ಸುರಿದು ಮಾಡಿದ್ದು. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಂಚಿನಲ್ಲಿ ಜೋಡಿಸಿದ ಗೆರೆ ಕಾಣಬಹುದು. ಲೋಹ ಆರಿದಾಗ ಕುಗ್ಗುವುದರಿಂದ ಅಳತೆಯೂ ಚೂರು ಚಿಕ್ಕದು. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿ ಅಲ್ಲವೇ ಅಲ್ಲ. ಅಂಟದಿದ್ದರೆ ಬೆಳ್ಳಿ ಅಂತಲೂ ಅಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಇನ್ನೊಂದು ಮಾತು: ಕಂಚಿನದು ಸಿಕ್ಕಿದ ತಕ್ಷಣ ನಕಲಿ ಅನ್ನಬೇಡಿ. ಭಾರತದ ಲೇಬರ್ ಕೋರ್‌ನ ಕೂಲಿಗಳಿಗೆ ಇದೇ ಪದಕವನ್ನು ಕಂಚಿನಲ್ಲಿ ಕೊಟ್ಟಿದ್ದಾರೆ. ನನಗೇನೋ ಅದೇ ಹೆಚ್ಚು ಇಷ್ಟ.

ಮಾಟುಂಗಾದಿಂದ, ಊರು ಬೆಳಗಾವಿ: ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ನಮ್ಮೂರಲ್ಲೇ ಇದೆ, ಹಾಗಾಗಿ ಈ ‘ಕುತ್’ ಕಥೆ ಬಹಳ ಕೇಳಿದ್ದೇನೆ. ಕುತ್ ಅಲ್ ಅಮಾರಾದಲ್ಲಿ 6ನೇ ಪೂನಾ ಡಿವಿಷನ್ ಜೊತೆ 103, 110, 117ನೇ ಮರಾಠಾ ಪಲ್ಟಣಗಳವರು ಸಿಕ್ಕಿಬಿದ್ದದ್ದು ನಿಜ. ಮುತ್ತಿಗೆ ಶುರುವಾದದ್ದು 1915ರ ಡಿಸೆಂಬರ್‌ನಲ್ಲಿ, ಶರಣಾದದ್ದು 1916ರ ಏಪ್ರಿಲ್ 29ರಂದು. ಆದರೆ ಈ ಪದಕದಲ್ಲಿ ಯುದ್ಧ ನಡೆದ ಜಾಗದ ಹೆಸರೇ ಇರುವುದಿಲ್ಲ. ಆಮೇಲೆ ಭರ್ತಿಯಾದವರ ಅಂಚಿನಲ್ಲೂ ಅದೇ ಪಲ್ಟಣದ ಹೆಸರು ಇರಬಹುದು. ಕುತ್ ಒಳಗೆ ಇದ್ದವನಾದರೆ 1915 ಮುಗಿಯುವ ಮೊದಲೇ ಅಲ್ಲಿಗೆ ಹೋಗಿರಬೇಕು, ಅಂದರೆ ಅವನಿಗೆ 1914-15 ಸ್ಟಾರ್ (1915 ಮುಗಿಯುವ ಮೊದಲೇ ಯುದ್ಧರಂಗಕ್ಕೆ ಹೋದವರಿಗೆ ಕೊಟ್ಟ ಪದಕ) ಕೂಡ ಬಂದಿರಬೇಕು, ಜೊತೆಗೆ ವಿಕ್ಟರಿ ಮೆಡಲ್. ಅವುಗಳ ಮೇಲೂ ಅದೇ ನಂಬರು, ಅದೇ ಹೆಸರು ಇರಬೇಕು. ಅವು ಎಲ್ಲಿ ಅಂತ ಕೇಳಿ. ಸೆಟ್ ಒಡೆದು ಮಾರುವುದೂ ಉಂಟು, ಹಾಗಾಗಿ ಒಂದೇ ಇದೆ ಅಂದ ಮಾತ್ರಕ್ಕೆ ನಕಲಿ ಅಲ್ಲ. ಆದರೆ ಬರೀ ಕಥೆಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ವಾಸ್ಕೋದಿಂದ: ತಗೊಂಡರೆ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ. ಕಪ್ಪು ಹಾಗೇ ಇರಲಿ, ಸಂಗ್ರಹಕಾರರು ಅದನ್ನೇ ನೋಡುತ್ತಾರೆ. ಆಚಾರಿ ಹತ್ತಿರ ಒರೆಗಲ್ಲಿಗೆ ಅಂಚು ತಿಕ್ಕಿಸಲೂ ಬೇಡಿ. ಮತ್ತೆ, 100 ವರ್ಷ ದಾಟಿದ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತವೆ. ವಿದೇಶದಲ್ಲಿರುವ ನೆಂಟರಿಗೆ ಸುಮ್ನೆ ಕೊರಿಯರ್ ಮಾಡುವ ಹಾಗಿಲ್ಲ. ಮಾರುವವರಿಂದ ರಸೀದಿ ಕೇಳಿ, ಅಂಚಿನ ಬರಹವನ್ನು ಅದರಲ್ಲಿ ಅಕ್ಷರಕ್ಕೆ ಅಕ್ಷರ ಬರೆಸಿಕೊಳ್ಳಿ.