ಕಾಫಿ ಕೊಯ್ಲಿನ ಮಧ್ಯೆ ಲೀಡರ್‌ಶಿಪ್ ಸಮ್ಮೇಳನ: ಹೋಗಲಾ, ಬೇಡವಾ?

ಶಾಂತಳ್ಳಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಅಗ್ರಿ ಮೂರನೇ ವರ್ಷ ಓದುತ್ತಿದ್ದೇನೆ. ಊರು ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿ ಕಡೆ. ಕೃಷಿ ಓದುವ ಕಾಲೇಜು ಮಕ್ಕಳಿಗೆ ಅಂತ ಬೆಂಗಳೂರಿನಲ್ಲಿ ಮೂರು ದಿನದ ಲೀಡರ್‌ಶಿಪ್ ಸಮ್ಮೇಳನ ಇದೆ. ನಮ್ಮ ಕಾಲೇಜಿನಿಂದ ಇಬ್ಬರನ್ನು ಆರಿಸಿದ್ದಾರೆ, ಅದರಲ್ಲಿ ನಾನೂ ಒಬ್ಬಳು. ತುಂಬಾ ಖುಷಿಯಾಗಿದೆ.

ಆದರೆ ಅದು ಡಿಸೆಂಬರ್ ಎರಡನೇ ವಾರ. ನಮ್ಮದು ಮೂರೂವರೆ ಎಕರೆ ಅರೇಬಿಕಾ ಕಾಫಿ. ಆ ಹೊತ್ತಿಗೆ ಕೊಯ್ಲು ಜೋರಾಗಿರುತ್ತದೆ, ಕೆಲಸಕ್ಕೆ ಜನ ಸಿಗುವುದಿಲ್ಲ, ಕಾಲೇಜಿಗೆ ನಾಲ್ಕು ದಿನ ರಜೆ ಹಾಕಿ ನಾನು ಬರುತ್ತೇನೆ ಅಂತಲೇ ಅಪ್ಪ ಲೆಕ್ಕ ಹಾಕಿಕೊಂಡಿದ್ದಾರೆ. ಹೋದ ವರ್ಷ ಅರ್ಧ ಎಕರೆ ಹಣ್ಣು ಗಿಡದಲ್ಲೇ ಒಣಗಿ ಉದುರಿತು. ನೆಲದಿಂದ ಹೆಕ್ಕಿದ್ದು ನಾನು, ಅಮ್ಮ ಇಬ್ಬರೇ. ಅದು ಕಣ್ಣ ಮುಂದೆ ಇದೆ.

ಇನ್ನೊಂದು ವಿಷಯ. ಎಸ್‌ಎಸ್‌ಎಲ್‌ಸಿವರೆಗೆ ನಾನು ಕನ್ನಡ ಮೀಡಿಯಂ. ನಾಲ್ಕು ಜನರ ಮುಂದೆ ಇಂಗ್ಲಿಷ್‌ನಲ್ಲಿ ಮಾತಾಡಬೇಕು ಅಂದರೆ ಗಂಟಲು ಒಣಗುತ್ತದೆ. ಅಲ್ಲಿ ನಿಜವಾಗಿ ಏನು ಮಾಡಿಸುತ್ತಾರೆ? ಹೋಗಿ ಬಂದವರು ಹೇಳಿ.

ಪೊನ್ನಂಪೇಟೆ ಹಳೆ ವಿದ್ಯಾರ್ಥಿ:
ಹೋಗಿ ತಂಗಿ. ನಾನು ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಓದುವಾಗ ಇಂಥದ್ದೊಂದಕ್ಕೆ ಹೋಗಿದ್ದೆ. ಮೊದಲ ದಿನ ಪೂರ್ತಿ ಬಾಯಿ ಬಿಡಲಿಲ್ಲ. ಎರಡನೇ ದಿನ ಹತ್ತು ಹತ್ತು ಜನರ ಗುಂಪು ಮಾಡಿ, ನಿಮ್ಮ ಊರಿನ ಒಂದು ಸಮಸ್ಯೆ ಹೇಳಿ, ಅದಕ್ಕೆ ಯಾರು ಯಾರನ್ನು ಒಟ್ಟು ಸೇರಿಸುತ್ತೀರಿ ಹೇಳಿ ಅಂದರು. ರಾಯಚೂರಿನ ಹುಡುಗನೊಬ್ಬ ತೊಗರಿಯನ್ನು ಕಟಾವಿನ ವಾರವೇ ಸಿಕ್ಕ ರೇಟಿಗೆ ಮಾರಬೇಕಾದ ಕಷ್ಟ ಹೇಳಿದ, ಪೂರ್ತಿ ಕನ್ನಡದಲ್ಲೇ ಹೇಳಿದ, ಎಲ್ಲರೂ ಸುಮ್ಮನೆ ಕೂತು ಕೇಳಿದೆವು. ನನ್ನ ಭಯ ಹೋಗಿದ್ದು ಆಗಲೇ.

ನಾನು ಎತ್ತಿಕೊಂಡಿದ್ದು ಯುರೋಪಿನ ಕಾಡುನಾಶ ತಡೆ ಕಾನೂನು. 2023ರಲ್ಲಿ ತಂದದ್ದು, ಜಾರಿ ಮುಂದೆ ಹೋಗಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವ ಹಾಗಿಲ್ಲ, ತೋಟ ಎಲ್ಲಿದೆ ಅಂತ ಜಿಪಿಎಸ್ ಗುರುತು ಕೊಡಬೇಕು. ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದೇ ಬಿಂದು ಸಾಕು. ನಮ್ಮ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದೇ ಇಟಲಿ. ಹಾಗಿದ್ದಾಗ ಸ್ಮಾರ್ಟ್‌ಫೋನ್ ಇಲ್ಲದ ಎರಡು ಎಕರೆ ಬೆಳೆಗಾರನಿಗೆ ಇದನ್ನು ಯಾರು ಮಾಡಿಕೊಡುತ್ತಾರೆ ಅಂತ ಕೇಳಿದೆ. ವೇದಿಕೆ ಮೇಲಿದ್ದವರು ಉತ್ತರ ಹುಡುಕಬೇಕಾಯಿತು. ಊರಿಗೆ ಬಂದ ಮೇಲೆ ನಾವೇ ಮೂವರು ಸೇರಿ ನಮ್ಮ ಕೇರಿಯ ತೋಟಗಳ ಗುರುತು ತೆಗೆದೆವು.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ತೋಟದ ಒಂದೇ ಒಂದು ತೊಂದರೆ ಹಿಡಿದುಕೊಂಡು ಹೋಗಿ. ಪುಸ್ತಕದ ಮಾತು ಬೇಡ.

ಕುಶಾಲನಗರ 22:
ನನ್ನ ಅನುಭವ ಬೇರೆ. ನಾನು ಹೋಗಿದ್ದರಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಭಾಷಣ, ಗೊಬ್ಬರ ಮಾರುವವರ ಸ್ಲೈಡು, ಕೊನೆಗೆ ಫೋಟೋ. ಎರಡು ದಿನ ಹಾಳು. ಮೊದಲು ಕಾರ್ಯಕ್ರಮದ ಪಟ್ಟಿ ತರಿಸಿಕೊಳ್ಳಿ. ಗುಂಪು ಚರ್ಚೆ, ರೈತರ ಜೊತೆ ಮಾತುಕತೆ ಇದ್ದರೆ ಮಾತ್ರ ಹೋಗಿ. ಬಸ್ ಖರ್ಚು ಕೊಡುತ್ತಾರಾ, ಹುಡುಗಿಯರಿಗೆ ಉಳಿಯಲು ಎಲ್ಲಿ, ಇದನ್ನೂ ಬರೆದು ಕೇಳಿ. ನಾಚಿಕೆ ಬೇಡ.

ಸುಂಟಿಕೊಪ್ಪ ತೋಟದವರು:
ಮಗಳೇ, ಕೊಯ್ಲಿನ ವಿಷಯ ನಾನು ಹೇಳುತ್ತೇನೆ. ನಮ್ಮ ಕಡೆ ರೋಬಸ್ಟಾ ಕಾಫಿ ಜಾಸ್ತಿ, ಅದು ಅರೇಬಿಕಾಕ್ಕಿಂತ ತಡವಾಗಿ ಹಣ್ಣಾಗುತ್ತದೆ. ಜನವರಿ ಬರುವವರೆಗೆ ನಮಗೆ ಅಂಥ ಅವಸರ ಇರುವುದಿಲ್ಲ. ಅಪ್ಪನಿಗೆ ಗುರುತಿರುವ ರೋಬಸ್ಟಾದವರು ಯಾರಾದರೂ ಇದ್ದರೆ ಡಿಸೆಂಬರ್‌ನಲ್ಲಿ ನಾಲ್ಕು ದಿನಕ್ಕೆ ಆಳು ಕೇಳಲಿ, ಜನವರಿಯಲ್ಲಿ ನೀವು ಹೋಗಿ ತೀರಿಸಿ. ಹಿಂದೆ ಗದ್ದೆ ನಾಟಿಗೆ ಮುಯ್ಯಾಳು ಅಂತ ಮಾಡುತ್ತಿರಲಿಲ್ಲವಾ, ಅದೇ. ಫ್ಲೈ ಪಿಕಿಂಗ್, ಅಂದರೆ ಮೊದಲು ಹಣ್ಣಾದದ್ದನ್ನು ಮಾತ್ರ ಆರಿಸಿ ಕೀಳುವುದು, ನವೆಂಬರ್‌ನಲ್ಲೇ ಮುಗಿಸಿಕೊಂಡರೆ ಮೂರು ದಿನಕ್ಕೆ ಹಣ್ಣು ಓಡಿಹೋಗುವುದಿಲ್ಲ. ಮೋಡ ಕಟ್ಟಿದರೆ ಕಣದಲ್ಲಿ ಟಾರ್ಪಾಲು ಎಳೆಯಲು ಒಬ್ಬರು ಇರಬೇಕು, ಅಷ್ಟೇ.

ಮತ್ತೆ ನೀನು ಹಣ್ಣು ಹೆಕ್ಕಿದೆ ಅಂತ ಬರೆದಿದ್ದೀಯಲ್ಲ, ಅದು ಸಣ್ಣ ಕೆಲಸ ಅಲ್ಲ. ಗಿಡದಲ್ಲಿ ಉಳಿದ, ನೆಲಕ್ಕೆ ಬಿದ್ದ ಹಣ್ಣಿನಲ್ಲೇ ಕಾಯಿಕೊರಕ, ಅಂದರೆ ಕಾಫಿ ಕಾಯಿ ಕೊರೆಯುವ ಹುಳ, ಬದುಕಿ ಮುಂದಿನ ಫಸಲಿಗೆ ಹತ್ತುತ್ತದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡದ್ದು ಆಮೇಲೆ ನಮ್ಮಲ್ಲಿಗೂ ಬಂತು. ನೀನು ಎಷ್ಟೇ ಚೊಕ್ಕ ಮಾಡಿದರೂ ಬೇಲಿ ಆಚೆಯವರು ಹಣ್ಣು ಬಿಟ್ಟರೆ ಹುಳ ನಿನ್ನ ತೋಟಕ್ಕೇ ಬರುತ್ತದೆ. ಇಡೀ ಸಾಲಿನ ತೋಟದವರು ಒಂದೇ ವಾರ ಹೆಕ್ಕಬೇಕು. ನಲವತ್ತು ವರ್ಷದಿಂದ ತೋಟ ಮಾಡುತ್ತಿದ್ದೇನೆ, ಅಕ್ಕಪಕ್ಕದವರನ್ನು ಇದಕ್ಕೆ ಒಪ್ಪಿಸಲು ನನ್ನಿಂದ ಆಗಲಿಲ್ಲ. ಹೇಗೆ ಒಪ್ಪಿಸಬೇಕು ಅಂತ ಅಲ್ಲಿ ಕೇಳಿಕೊಂಡು ಬಾ. ನನಗೂ ಬೇಕು.

ಶಾಂತಳ್ಳಿ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಕಲ್, ನಿಮ್ಮ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಮುಯ್ಯಾಳು ಅಂದ ಕೂಡಲೇ ನಕ್ಕರು. ಆಮೇಲೆ ಮಾದಾಪುರದ ಹತ್ತಿರ ಇರುವ ಅವರ ಸ್ನೇಹಿತರಿಗೆ ಫೋನ್ ಮಾಡಿದರು. ಐದು ಜನ ಬರುತ್ತಾರಂತೆ. ಜನವರಿಯಲ್ಲಿ ನಾನೂ ಅಮ್ಮನೂ ಅವರಲ್ಲಿಗೆ ಹೋಗಬೇಕು.

ಪಟ್ಟಿಯೂ ಬಂತು. ಎರಡನೇ ದಿನ ಮಧ್ಯಾಹ್ನ ಪೂರ್ತಿ ಗುಂಪು ಚರ್ಚೆ. ಉಳಿಯಲು ಹಾಸ್ಟೆಲ್ ಇದೆ, ಬಸ್ ಖರ್ಚು ನಮ್ಮದೇ.

ಕಾಯಿಕೊರಕದ ವಿಷಯವನ್ನೇ ತೆಗೆದುಕೊಂಡು ಹೋಗುತ್ತೇನೆ. ನಮ್ಮ ಸಾಲಿನಲ್ಲಿ ಹನ್ನೊಂದು ತೋಟ ಇವೆ, ಎರಡರ ಮಾಲೀಕರು ಬೆಂಗಳೂರಿನಲ್ಲೇ ಇದ್ದಾರೆ, ಅವರ ತೋಟದಲ್ಲಿ ಹೆಕ್ಕುವವರೇ ಇಲ್ಲ. ಸಮ್ಮೇಳನ ಮುಗಿದ ದಿನ ಅವರಿಬ್ಬರನ್ನೂ ಕಂಡು ಮಾತಾಡಿಕೊಂಡೇ ಬಾ ಅಂತ ಅಪ್ಪ ಹೇಳಿದ್ದಾರೆ.

ಕೊಡಗಿನಿಂದ ಬೇರೆ ಯಾರಾದರೂ ಹೋಗುತ್ತಿದ್ದರೆ ತಿಳಿಸಿ. ಕುಶಾಲನಗರದಿಂದ ಒಟ್ಟಿಗೆ ಬಸ್ ಹತ್ತೋಣ.