ಸೂಟ್‌ಕೇಸಿನಲ್ಲಿ ಸಿಕ್ಕ ಪತ್ರ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಜರ್ಮನಿಯ ಕೇಲ್ ಊರಿನಿಂದ ಓದುಗಿಯೊಬ್ಬರು ಬರೆದಿದ್ದರು. ಹಾಸನದ ಕಡೆಯವರು, ಮದುವೆಯಾಗಿ ಅಲ್ಲೇ ನೆಲೆಸಿದ್ದಾರೆ. ಗಂಡನ ಮನೆಯ ಕಥೆಯನ್ನು ಕನ್ನಡದಲ್ಲಿ ಕಾದಂಬರಿ ಮಾಡುತ್ತಿದ್ದಾರೆ. ಅತ್ತೆಯ ತಂದೆ ಕೇಲ್‌ನಲ್ಲಿ ಮೇಷ್ಟ್ರಾಗಿದ್ದವರು. ಆ ಮೇಷ್ಟ್ರ ಅಕ್ಕನನ್ನು 1912ರಲ್ಲಿ ರೈನ್ ನದಿಯ ಆಚೆ ದಡದ ಸ್ಟ್ರಾಸ್‌ಬರ್ಗ್‌ಗೆ ಮದುವೆ ಮಾಡಿ ಕೊಟ್ಟಿದ್ದರು. ಆಗ ಎರಡೂ ದಡ ಜರ್ಮನಿಯೇ. 1918ರಲ್ಲಿ ಆಚೆ ದಡ ಫ್ರಾನ್ಸ್ ಆಯಿತು. 1940ರಲ್ಲಿ ಹಿಟ್ಲರನ ಕೈಗೆ ಬಂತು. 1942ರಲ್ಲಿ ಅಕ್ಕನ ಮಗನಿಗೆ ಜರ್ಮನ್ ಸೈನ್ಯ ಸೇರುವಂತೆ ಹುಕುಂ ಬಂದಾಗ, ನಾಜಿ ಪಕ್ಷದ ಸದಸ್ಯನಾಗಿದ್ದ ತಮ್ಮನಿಗೆ ಅಕ್ಕ ಬರೆದರು: ಹೇಗಾದರೂ ಮಾಡಿ ಹುಡುಗನನ್ನು ಉಳಿಸು. ತಮ್ಮನ ಉತ್ತರ: ಹೆಮ್ಮೆ ಪಡು. ಹುಡುಗ ರಷ್ಯಾದ ತಂಬೋವ್ ಸೆರೆಶಿಬಿರದಲ್ಲಿ ತೀರಿಕೊಂಡ. ಅಂದಿನಿಂದ ಎರಡು ಮನೆಗಳಿಗೆ ಮಾತಿಲ್ಲ.

ಅಕ್ಕನ ಪತ್ರ ಮತ್ತು ಉತ್ತರದ ಕರಡು ಅತ್ತೆಯ ಅಟ್ಟದ ಸೂಟ್‌ಕೇಸಿನಲ್ಲಿ ಸೊಸೆಗೆ ಸಿಕ್ಕಿವೆ. ಅತ್ತೆಗೆ ಈಗ 87. ಕಾದಂಬರಿಯ ವಿಷಯ ಗೊತ್ತು, ಪತ್ರ ಸಿಕ್ಕಿದ್ದು ಗೊತ್ತಿಲ್ಲ. "ಏನು ಬೇಕಾದರೂ ಬರಿ, ನನ್ನ ಅಪ್ಪನನ್ನು ಬಿಟ್ಟುಬಿಡು" ಎಂದಿದ್ದಾರೆ. ಸೊಸೆಯ ಪ್ರಶ್ನೆ ಇದು: ಕಾದಂಬರಿ ತಾನೇ, ಆ ಉತ್ತರವನ್ನು ಬಿಟ್ಟು ಬರೆದರೆ ತಪ್ಪೇ? ಅಥವಾ ಅತ್ತೆ ಇರುವವರೆಗೆ ಕಾಯಲೇ?

ಬಹಳ ಪತ್ರಗಳು ಬಂದಿವೆ. ಕೆಲವು ಇಲ್ಲಿವೆ. ಹೆಸರುಗಳನ್ನು ಹಾಕಿಲ್ಲ.

ತಿಪಟೂರಿನಿಂದ

ಅತ್ತೆಯ ಸೂಟ್‌ಕೇಸನ್ನು ಅವರನ್ನು ಕೇಳದೆ ತೆಗೆದಿದ್ದೀರಿ. ಮೊದಲು ಅದನ್ನು ಅವರಿಗೆ ಹೇಳಿ. ಕಾದಂಬರಿ ಆಮೇಲೆ.

ಶಿರಸಿಯಿಂದ, ನಿವೃತ್ತ ಇತಿಹಾಸ ಅಧ್ಯಾಪಕರು

ಪತ್ರ ಓದಿ ಎರಡು ದಿನ ಅದೇ ಯೋಚನೆ. ಒಂದು ವಿಷಯ ಸ್ಪಷ್ಟ ಮಾಡಬೇಕು ಅನಿಸಿತು. ಆ ಮೇಷ್ಟ್ರು ಮನಸ್ಸು ಮಾಡಿದ್ದರೂ ಹುಡುಗನನ್ನು ಉಳಿಸಲು ಆಗುತ್ತಿರಲಿಲ್ಲ. ಸ್ಟ್ರಾಸ್‌ಬರ್ಗ್ ಇರುವ ಅಲ್ಸೇಸ್ ಪ್ರಾಂತದಲ್ಲಿ ಕಡ್ಡಾಯ ಸೈನ್ಯಭರ್ತಿಯ ಆಜ್ಞೆ ಬಂದದ್ದು 1942ರ ಆಗಸ್ಟ್ 25ರಂದು. ಹೊರಡಿಸಿದ್ದು ನಾಜಿ ಆಡಳಿತಗಾರ ರಾಬರ್ಟ್ ವಾಗ್ನರ್. ಅಲ್ಸೇಸ್‌ನಿಂದ ಸುಮಾರು 1 ಲಕ್ಷ, ಪಕ್ಕದ ಮೋಸೆಲ್‌ನಿಂದ ಸುಮಾರು 30 ಸಾವಿರ ಹುಡುಗರನ್ನು ಹೀಗೆ ಎಳೆದೊಯ್ದರು. ತಪ್ಪಿಸಿಕೊಂಡು ಓಡಿದರೆ ಅಪ್ಪ ಅಮ್ಮನನ್ನು ಮನೆ ಬಿಡಿಸಿ ದೂರ ಸಾಗಿಸುತ್ತಿದ್ದರು. ಹಾಗಾಗಿ ಎಷ್ಟೋ ಹುಡುಗರು ಮನೆಯವರ ಮುಖ ನೋಡಿಕೊಂಡೇ ಹೊರಟರು. ಫ್ರೆಂಚರು ಅವರನ್ನು 'ಮಾಲ್ಗ್ರೆ ನೂ' ಅನ್ನುತ್ತಾರೆ, ಅಂದರೆ 'ನಮ್ಮ ಇಷ್ಟಕ್ಕೆ ವಿರುದ್ಧವಾಗಿ ಹೋದವರು'.

ಇನ್ನು ಪಕ್ಷದ ಸದಸ್ಯತ್ವ. ಯುದ್ಧ ಮುಗಿಯುವ ಹೊತ್ತಿಗೆ ಆ ಪಕ್ಷದಲ್ಲಿ ಸುಮಾರು 85 ಲಕ್ಷ ಜನ ಇದ್ದರು. ಸರ್ಕಾರಿ ಮೇಷ್ಟ್ರುಗಳಲ್ಲಿ ಕೆಲಸ ಉಳಿಸಿಕೊಳ್ಳಲು ಸೇರಿದವರೂ ಇದ್ದರು, ನಂಬಿ ಸೇರಿದವರೂ ಇದ್ದರು. ಯುದ್ಧದ ನಂತರ ಅಮೆರಿಕನ್ನರು ತಮ್ಮ ಪಾಲಿನ ಜರ್ಮನಿಯಲ್ಲಿ 131 ಪ್ರಶ್ನೆಗಳ ಫಾರಂ ಕೊಟ್ಟು ಯಾರು ಎಷ್ಟು ನಾಜಿ ಎಂದು ಜನರನ್ನು ಸೋಸಿದರು. ಪರಿಚಯದವರಿಂದ 'ಇವನು ಒಳ್ಳೆಯವನು' ಎಂಬ ಚೀಟಿ ತರುವುದು ನಡೆದೇ ಇತ್ತು. ಬಟ್ಟೆ ಸೋಪಿನ ಪುಡಿಯ ಹೆಸರು ಸೇರಿಸಿ ಆ ಚೀಟಿಯನ್ನು ಜನ 'ಪೆರ್ಸಿಲ್ ಚೀಟಿ' ಅನ್ನುತ್ತಿದ್ದರು. ಸದಸ್ಯರ ಕಾರ್ಡುಗಳು ಬರ್ಲಿನ್‌ನ ಫೆಡರಲ್ ಪತ್ರಾಗಾರದಲ್ಲಿವೆ. ಅಜ್ಜ ಯಾವ ವರ್ಷ ಸೇರಿದರು ಎಂದು ಅರ್ಜಿ ಹಾಕಿ ವಿಚಾರಿಸಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರ ಮೊದಲು ಸೇರಿದ್ದರೆ ಒಂದು ಕಥೆ, 1937ರಲ್ಲಿ ಸೇರಿದ್ದರೆ ಬೇರೆ ಕಥೆ. ನನ್ನ ಕೇಳಿದರೆ, ಆ ಉತ್ತರದಿಂದ ಏನೂ ಬದಲಾಗಲಿಲ್ಲ, ಆದ್ದರಿಂದ ಅದನ್ನು ಬಿಟ್ಟರೂ ಕಾದಂಬರಿಗೆ ನಷ್ಟವಿಲ್ಲ.

*ಹುಡುಗನನ್ನು ಉಳಿಸಲು ಆಗುತ್ತಿರಲಿಲ್ಲ ಎಂಬುದು ಸರಿ ಇರಬಹುದು. ಆದರೆ ಅಕ್ಕ ತಮ್ಮನಿಂದ ಬಯಸಿದ್ದು ಅದೊಂದನ್ನೇ ಅಲ್ಲ ಅನಿಸುತ್ತದೆ. ಮುಂದಿನ ಪತ್ರ ಅದೇ ನದಿಯ ದಡದ ಇನ್ನೊಂದು ಊರನ್ನು ನೆನೆಯುತ್ತದೆ. – ಸಂ.*

ಮಂಗಳೂರಿನಿಂದ

ನೀವು ಕೇಲ್ ಅಂದಿರಿ. ಅದೇ ರೈನ್ ನದಿಯ ಜೊತೆ ದಕ್ಷಿಣಕ್ಕೆ ಹೋದರೆ ಬಾಸೆಲ್ ಸಿಗುತ್ತದೆ. ನಮ್ಮೂರಿಗೆ 1834ರಲ್ಲಿ ಬಾಸೆಲ್ ಮಿಶನ್ ಬಂದದ್ದು ಅಲ್ಲಿಂದಲೇ. ಊರು ಸ್ವಿಸ್, ಆದರೆ ಬಂದವರಲ್ಲಿ ಜಾಸ್ತಿ ಜನ ದಕ್ಷಿಣ ಜರ್ಮನಿಯವರು. ನಮ್ಮ ಮುತ್ತಜ್ಜ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ಇದ್ದರು. 1914ರಲ್ಲಿ ಯುದ್ಧ ಶುರುವಾಯಿತು. ನಿನ್ನೆವರೆಗೆ ಸಾಹೇಬರಾಗಿದ್ದವರು ಬ್ರಿಟಿಷರಿಗೆ ಶತ್ರುಗಳಾದರು. ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ನಮ್ಮ ಬೆಳಗಾವಿ, ಬಳ್ಳಾರಿಯಲ್ಲೂ ಶಿಬಿರಗಳಿದ್ದವು. 1917ರಲ್ಲಿ ರೆಡ್ ಕ್ರಾಸ್‌ನವರು ಬಂದು ನೋಡಿ ವರದಿ ಬರೆದಿದ್ದಾರೆ. ಅದಕ್ಕೂ ಮೊದಲು 1915-16ರಲ್ಲಿ ತುಂಬಾ ಜನರನ್ನು ಗೋಲ್ಕೊಂಡಾ ಎಂಬ ಹಡಗು ಹತ್ತಿಸಿ ಕಳಿಸಿದ್ದರು. ಎಷ್ಟೋ ಮಿಶನರಿಗಳ ಮಕ್ಕಳು ಮೊದಲೇ ಓದಲು ಬಾಸೆಲ್‌ಗೆ ಹೋಗಿದ್ದರು. ಮಕ್ಕಳು ಅಲ್ಲಿ, ಅಪ್ಪ ಇಲ್ಲಿ ತಂತಿಬೇಲಿಯೊಳಗೆ. ಯುದ್ಧ ಒಡೆದ ಜರ್ಮನ್ ಮನೆ ಬೇಕಿದ್ದರೆ ನಮ್ಮ ಬಲ್ಮಠ ಗುಡ್ಡದಲ್ಲೇ ಇದೆ. ದಯವಿಟ್ಟು ಅದನ್ನೂ ಬರೆಯಿರಿ. ಕನ್ನಡದಲ್ಲಿ ಬರೆಯುವವರು ನೀವು, ಅದಕ್ಕೇ ಹೇಳಿದ್ದು.

ಬೀದರ್‌ನಿಂದ

ಸತ್ತವರು ಎದ್ದು ಬಂದು ತಮ್ಮ ಮಾತು ಹೇಳಲಾರರು. ಬಿಟ್ಟುಬಿಡಿ.

ಮೈಸೂರಿನಿಂದ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಯಹೂದಿ ಎಂಬ ಪದವೇ ಇಲ್ಲ. ಅಕ್ಕ ತಮ್ಮ, ನದಿ, ಸೇತುವೆ, ಪತ್ರ ಎಲ್ಲ ಇದೆ. 1940ರ ಅಕ್ಟೋಬರ್ 22ರಂದು ಬಾಡೆನ್ ಮತ್ತು ಪಕ್ಕದ ಪ್ರಾಂತದಿಂದ 6,500ಕ್ಕೂ ಜಾಸ್ತಿ ಯಹೂದಿಗಳನ್ನು ರೈಲಿಗೆ ತುಂಬಿ ಫ್ರಾನ್ಸಿನ ಗುರ್ಸ್ ಶಿಬಿರಕ್ಕೆ ಕಳಿಸಿದರು. ಕೇಲ್ ಇರುವುದು ಬಾಡೆನ್‌ನಲ್ಲೇ. ಸಣ್ಣ ಊರು. ಅದಕ್ಕೂ ಎರಡು ವರ್ಷ ಮೊದಲು, 1938ರ ನವೆಂಬರ್‌ನಲ್ಲಿ, ಯಹೂದಿ ಮಕ್ಕಳನ್ನು ಜರ್ಮನ್ ಶಾಲೆಗಳಿಂದ ಪೂರ್ತಿ ಹೊರಗೆ ಹಾಕಿದ್ದರು. ಅಜ್ಜ ಆಗ ಮೇಷ್ಟ್ರು. ಹಾಜರಿ ಪುಸ್ತಕ ಅವರ ಕೈಯಲ್ಲೇ ಇರುತ್ತಿತ್ತು, ಅಲ್ವಾ? ನಿಮ್ಮ ಅತ್ತೆಯ ನೋವು ನನಗೆ ಅರ್ಥ ಆಗುತ್ತದೆ. ಅಕ್ಕನ ಮಗನ ಸಾವಿಗೂ ಕಣ್ಣೀರು ಬಂತು. ಆದರೆ ಒಡೆದ ಒಂದು ಮನೆಯ ಕಥೆ ಹೇಳುವಾಗ ಪಕ್ಕದ ಬೀದಿಯಲ್ಲಿ ಖಾಲಿಯಾದ ಮನೆಗಳನ್ನು ಬಿಟ್ಟರೆ ಕಥೆ ಸುಳ್ಳಾಗುತ್ತದೆ.

*ಇವರು ಕೇಳಿದ್ದು ಮೂಲ ಪ್ರಶ್ನೆಯನ್ನಲ್ಲ. ಆದರೂ ಈ ಪತ್ರದ ಒಂದು ಸಾಲನ್ನೂ ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ. ಕೆಳಗಿನದು ಉದ್ದವಾಗಿದೆ. ಅದನ್ನೂ ಪೂರ್ತಿ ಕೊಟ್ಟಿದ್ದೇವೆ. – ಸಂ.*

ಜರ್ಮನಿಯ ಫ್ರೈಬರ್ಗ್‌ನಿಂದ

ತಂಗಿ, ನಾನು ಶಿರ್ವದ ಕಡೆಯವಳು. 1978ರಲ್ಲಿ ನರ್ಸ್ ಆಗಿ ಇಲ್ಲಿಗೆ ಬಂದೆ. ಇಲ್ಲಿಯವರನ್ನೇ ಮದುವೆಯಾದೆ. ನೀವು 'ಕಾಯಲೇ' ಅಂತ ಕೇಳಿದ್ದೀರಲ್ಲ, ಅದನ್ನು ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನಾನು ಕಾದವಳು.

ನಮ್ಮ ಮಾವ ಯುದ್ಧದಲ್ಲಿ ಪೂರ್ವಕ್ಕೆ ಹೋಗಿ ರಷ್ಯನ್ನರ ಸೆರೆ ಸಿಕ್ಕಿ 1949ರಲ್ಲಿ ಮನೆಗೆ ಬಂದವರು. ತುಂಬಾ ಒಳ್ಳೆಯ ಮನುಷ್ಯ. ನಾನು ಮಾಡಿದ ಮೀನು ಸಾರನ್ನು ಕಣ್ಣಲ್ಲಿ ನೀರು ಬಂದರೂ ತಿನ್ನುತ್ತಿದ್ದರು. ಅವರಿಗೆ ಒಂದು ಅಭ್ಯಾಸ ಇತ್ತು. ಊಟಕ್ಕೆ ಕೂತಾಗ ಮೇಜಿನ ಸುತ್ತ ಇರುವವರನ್ನು ಎಣಿಸುತ್ತಿದ್ದರು. ಬಾಯಲ್ಲೇ, ಮೆಲ್ಲಗೆ, ರಷ್ಯನ್ ಭಾಷೆಯಲ್ಲಿ. ಎಣಿಸಿದ ಮೇಲೆಯೇ ಚಮಚ ಎತ್ತುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಕೇಳಿದೆ, ಯಾಕೆ ಎಣಿಸುತ್ತೀರಿ ಪಪ್ಪ ಅಂತ. ಅವರು ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಜಮಾನರು ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ನಾನು ಮಾತು ಬದಲಿಸಿದೆ. ಆಮೇಲೆ 20 ವರ್ಷ ಕೇಳಲಿಲ್ಲ. ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ಅವರ ವಯಸ್ಸಿನ ಎಷ್ಟೋ ಗಂಡಸರು ನನ್ನ ಕೈ ಹಿಡಿದು ಏನೇನೋ ಹೇಳಿಕೊಂಡಿದ್ದಾರೆ, ಅವರದ್ದೆಲ್ಲ ಕೂತು ಕೇಳಿದೆ. ಮನೆಯಲ್ಲಿದ್ದವರನ್ನು ಕೇಳಲಿಲ್ಲ.

ಮಾವ 2004ರಲ್ಲಿ ಹೋದರು. ಬಟ್ಟೆ ಬೀರು ಖಾಲಿ ಮಾಡುವಾಗ ಒಂದು ಸಣ್ಣ ಪುಸ್ತಕ ಸಿಕ್ಕಿತು. ಬರೀ ಹೆಸರುಗಳು. ನಲವತ್ತೊಂದು. ಹಳೆಯ ಜರ್ಮನ್ ಕೈಬರಹ, ಈಗಿನವರಿಗೆ ಓದಲು ಬರುವುದಿಲ್ಲ, ನನ್ನ ಯಜಮಾನರಿಗೂ ಬರಲಿಲ್ಲ. ಕೆಲವು ಹೆಸರಿನ ಮುಂದೆ ಶಿಲುಬೆ ಗುರುತು. ಇಪ್ಪತ್ತೇಳು ಶಿಲುಬೆ, ನಾನೇ ಎಣಿಸಿದೆ. ಅವರು ದಿನಾ ಎಣಿಸುತ್ತಿದ್ದದ್ದು ಯಾರನ್ನು ಅಂತ ಆಗ ಹೊಳೆಯಿತು.

ನನ್ನ ನಾದಿನಿ ಅದನ್ನು ನೋಡಿ, ಅಪ್ಪ ಯಾರಿಗೂ ತೋರಿಸದ್ದನ್ನು ನೀನು ಯಾಕೆ ತೆಗೆದೆ ಎಂದಳು. ಯಜಮಾನರು ಇಟ್ಟುಕೊಳ್ಳೋಣ ಎಂದರು. ದೊಡ್ಡ ಜಗಳ. ಮರುದಿನ ಪುಸ್ತಕ ಇರಲಿಲ್ಲ. ಹಳೆ ಪೇಪರಿನ ತೊಟ್ಟಿಗೆ ಹಾಕಿದೆ ಎಂದಳು, ಗಾಡಿ ಬಂದು ಹೋಗಿತ್ತು. ಅಣ್ಣ ತಂಗಿ 11 ವರ್ಷ ಮಾತಾಡಲಿಲ್ಲ. ನೋಡಿ, ಯುದ್ಧ ಮುಗಿದು 59 ವರ್ಷ ಆದ ಮೇಲೆ ನಮ್ಮ ಮನೆ ಒಡೆಯಿತು.

ಜರ್ಮನ್ ರೆಡ್ ಕ್ರಾಸ್‌ನಲ್ಲಿ ಕಾಣೆಯಾದವರನ್ನು ಹುಡುಕುವ ವಿಭಾಗ ಇದೆ. ಸೆರೆಯಿಂದ ಬಂದವರನ್ನು ಕೂರಿಸಿ, ಯಾರನ್ನು ಎಲ್ಲಿ ಕೊನೆಗೆ ನೋಡಿದಿರಿ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಮಾವ ಆ 27 ಹೆಸರನ್ನು ಅವರಿಗೆ ಹೇಳಿದ್ದರೋ ಇಲ್ಲವೋ. ಒಬ್ಬೊಬ್ಬನಿಗೂ ಒಬ್ಬ ಅಮ್ಮ ಇದ್ದಳಲ್ಲ, ತಂಗಿ. ಎಷ್ಟು ಜನ ಬಾಗಿಲು ನೋಡುತ್ತಾ ಸತ್ತರೋ. ಆ ದಿನ ನಾನು ಮಾತು ಬದಲಿಸದಿದ್ದರೆ ಪಪ್ಪ ಹೇಳುತ್ತಿದ್ದರು. ಅವರ ಬಾಯಿ ತೆರೆದಿತ್ತು, ನಾನು ನೋಡಿದ್ದೇನೆ.

ನಿಮ್ಮ ಅತ್ತೆ 1944ರಲ್ಲಿ ಐದಾರು ವರ್ಷದ ಮಗು. ಆ ನವೆಂಬರ್‌ನಲ್ಲಿ ಕೇಲ್ ಊರನ್ನೇ ಖಾಲಿ ಮಾಡಿಸಿದರು. ಆಮೇಲೆ ಫ್ರೆಂಚರು ಅಲ್ಲಿ ಕೂತರು, ಊರು ಸ್ವಲ್ಪ ಸ್ವಲ್ಪವಾಗಿ ಜರ್ಮನರಿಗೆ ವಾಪಸ್ ಸಿಕ್ಕಿ ಮುಗಿದದ್ದು 1953ರಲ್ಲಿ. ಅಷ್ಟು ವರ್ಷ ಯಾರದೋ ಮನೆಯ ಕೋಣೆಯಲ್ಲಿ ಬೆಳೆದ ಹುಡುಗಿಗೆ ಅಪ್ಪ ಬಿಟ್ಟರೆ ಇನ್ನೇನಿತ್ತು? 'ಅಪ್ಪನನ್ನು ಬಿಟ್ಟುಬಿಡು' ಅಂದದ್ದು ಅದಕ್ಕೆ. ಇನ್ನೊಂದು ಮಾತು. ಸೂಟ್‌ಕೇಸನ್ನು ಅವರು ಎಸೆದಿಲ್ಲ. ಇಷ್ಟು ವರ್ಷ ಅಟ್ಟದಲ್ಲಿ ಇಟ್ಟಿದ್ದಾರೆ. ಅವರಿಗೆ ಗೊತ್ತಿಲ್ಲ ಅಂತ ನೀವು ಹೇಗೆ ಅಂದುಕೊಂಡಿರಿ? ಕಾಫಿ ಮಾಡಿ, ಪಕ್ಕದಲ್ಲಿ ಕೂತು, ಪತ್ರವನ್ನು ಅವರ ಕೈಗೆ ಕೊಡಿ. ಅವರು ಅಳಬಹುದು, ಬೈಯಬಹುದು. ನೀವು ಎದ್ದು ಹೋಗಬೇಡಿ.

*ಬಂದ ಪತ್ರಗಳಲ್ಲಿ ಹೆಚ್ಚಿನವು 'ಬರೆಯಿರಿ' ಅಥವಾ 'ಬಿಡಿ' ಎಂದಿವೆ. ತಿಪಟೂರು ಮತ್ತು ಫ್ರೈಬರ್ಗ್‌ನವರು ಮಾತ್ರ ಮೊದಲು ಅತ್ತೆಯ ಹತ್ತಿರ ಹೋಗಿ ಎಂದಿದ್ದಾರೆ. ಕೊನೆಯದು ಒಂದು ಸಣ್ಣ ಪತ್ರ. – ಸಂ.*

ಸ್ಟ್ರಾಸ್‌ಬರ್ಗ್‌ನಿಂದ, ಸಂಶೋಧನಾ ವಿದ್ಯಾರ್ಥಿ

ಅಕ್ಕಾ, ನಾನು ದಾವಣಗೆರೆಯವನು. ಇಲ್ಲಿಗೆ ಬಂದು ಎರಡು ವರ್ಷ. ಇಲ್ಲಿನ ರಿಪಬ್ಲಿಕ್ ಚೌಕದಲ್ಲಿ 1936ರ ಒಂದು ಸ್ಮಾರಕ ಇದೆ, ಮೊದಲ ಮಹಾಯುದ್ಧದಲ್ಲಿ ಸತ್ತವರದು. ಒಬ್ಬ ತಾಯಿ, ಅವಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳು. ಒಬ್ಬ ಜರ್ಮನ್ ಕಡೆ, ಒಬ್ಬ ಫ್ರೆಂಚ್ ಕಡೆ ಹೋರಾಡಿದವನು. ಇಬ್ಬರ ಮೈಮೇಲೂ ಸಮವಸ್ತ್ರ ಇಲ್ಲ, ಯಾರು ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ಕೆಳಗೆ 'ನಮ್ಮ ಸತ್ತವರಿಗೆ' ಅಂತ ಇದೆ, ದೇಶಕ್ಕಾಗಿ ಅಂತ ಬರೆದಿಲ್ಲ. ನಿಮ್ಮ ಪತ್ರ ಓದಿದ ಸಂಜೆ ಮತ್ತೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

2017ರಿಂದ ಕೇಲ್‌ಗೆ ಟ್ರಾಮ್ ಇದೆ, ನಿಮಗೆ ಗೊತ್ತೇ ಇರುತ್ತದೆ. ಚೌಕಕ್ಕೆ ಬರಲು ನಡುವೆ ಒಮ್ಮೆ ಬದಲಿಸಬೇಕು. ಅತ್ತೆಗೆ ಈಚೆ ದಡಕ್ಕೆ ಬರುವ ಮನಸ್ಸಾದರೆ ಹೇಳಿ. ಭಾನುವಾರ ನನಗೆ ರಜೆ. ಆ ಮನೆಯವರು ಈಗ ಎಲ್ಲಿದ್ದಾರೆ ಅಂತ ಹುಡುಕಬೇಕಿದ್ದರೂ ನನಗೆ ಫ್ರೆಂಚ್ ಬರುತ್ತದೆ, ಫೋನ್ ಮಾಡಿ ಮಾತಾಡುತ್ತೇನೆ. ಅತ್ತೆಗೆ ನಡೆಯುವುದು ಕಷ್ಟ ಆದರೆ ಗಾಲಿಕುರ್ಚಿಯನ್ನು ನಾನೇ ತಳ್ಳುತ್ತೇನೆ.

*ಇವರ ಫೋನ್ ನಂಬರನ್ನು ಕೇಲ್‌ನ ಓದುಗಿಗೆ ಕಳಿಸಿದ್ದೇವೆ. – ಸಂ.*