ಪದ ಬೇಕು: ‘ಅಪಾಯಕಾರಿ ಅಂಶ’, ‘ಹೊಗೆರಹಿತ ತಂಬಾಕು’ (ಶನಿವಾರದೊಳಗೆ)

ಗೆಳೆಯರೇ,

ನಮ್ಮೂರ ಆರೋಗ್ಯ ಉಪಕೇಂದ್ರದ ಹೊರಗೋಡೆಗೆ ಬರಹ ಬರೆಸುತ್ತಿದ್ದೇವೆ. ಪೇಂಟರ್ ಶನಿವಾರ ಬರುತ್ತಾರೆ. ಮೇಲೆ ತಲೆಬರಹ. ಕೆಳಗೆ ಏಳು ಸಾಲು: ತಂಬಾಕು, ಸರಾಯಿ, ಉಪ್ಪು, ಬೀಪಿ, ಶುಗರ್, ಕೂತೇ ಇರುವುದು, ಒಲೆಯ ಹೊಗೆ. ಪ್ರತಿಯೊಂದರ ಮುಂದೆ ಅದರಿಂದ ಬರುವ ಕಾಯಿಲೆ.

ನನಗೆ ಕೊಟ್ಟ ಮಾದರಿಯಲ್ಲಿ ‘ತಡೆಗಟ್ಟಬಹುದಾದ ಅಪಾಯಕಾರಿ ಅಂಶಗಳು’ ಅಂತ ಇದೆ. ಓದಿ ತೋರಿಸಿದಾಗ ಪಕ್ಕದ ಮನೆಯವರು ಕೇಳಿದರು, “ಯಾವುದರಲ್ಲಿರೋ ಅಂಶ?” ಅವರ ಪ್ರಶ್ನೆ ಸರಿ ಅಲ್ವಾ? ಸಕ್ಕರೆ ಅಂಶ, ಉಪ್ಪಿನ ಅಂಶ, ಕಬ್ಬಿಣದ ಅಂಶ ಅಂತ ಕೇಳಿ ಕೇಳಿ ನಮಗೆ ಅಂಶ ಅಂದರೆ ಪದಾರ್ಥದೊಳಗೆ ಬೆರೆತಿರುವುದು. ದಿನವಿಡೀ ಕೂತೇ ಇರುವುದು ಯಾವುದರ ಅಂಶ?

ಎರಡನೆಯದು ಇನ್ನೂ ಕಷ್ಟ. ಬಾಯಲ್ಲಿ ಹಾಕುವ ತಂಬಾಕಿಗೆ ಮಾದರಿಯಲ್ಲಿ ‘ಹೊಗೆರಹಿತ ತಂಬಾಕು’ ಅಂತ ಇದೆ. ಇದು ಸಿದ್ದಾಪುರದ ಕಡೆಯ ಊರು, ನಾವು ಎಲೆ-ಅಡಿಕೆಯ ಕವಳ ಹಾಕುವ ಜನ. ನಮ್ಮ ದೊಡ್ಡಪ್ಪ ಒಂದು ದಿನವೂ ಬೀಡಿ ಮುಟ್ಟಿದವರಲ್ಲ. ಬಸ್ ನಿಲ್ದಾಣದ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಬೋರ್ಡು ನೋಡಿ ಅದು ಬೇರೆಯವರಿಗೆ ಅಂತಲೇ ತಿಳಿದಿದ್ದರು. ಕೊನೆಕೊನೆಗೆ ಅವರ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ದೊಡ್ಡಮ್ಮ ಗಂಜಿ ಸೋಸಿ ಕುಡಿಸುತ್ತಿದ್ದರು. ಕೆನ್ನೆಯ ಕ್ಯಾನ್ಸರ್. ಅಂಥವರಿಗೆ ‘ಇದು ನನಗೇ ಹೇಳಿದ್ದು’ ಅನ್ನಿಸುವ ಪದ ಬೇಕು.

(ಸಿದ್ದಾಪುರ)

ಮರು:

ಅಂಶ, ರಹಿತ ಎರಡನ್ನೂ ಬಿಡಿ. ‘ಕುತ್ತು’ ಇದೆಯಲ್ಲ. ಪ್ರಾಣಕ್ಕೆ ಕುತ್ತು ಅನ್ನುತ್ತೇವೆ. ಹಳಗನ್ನಡದಲ್ಲಿ ‘ಕುತ್ತ’ ಅಂದರೆ ಬೇನೆಯೇ. ‘ತಡೆಯಬಹುದಾದ ಕುತ್ತುಗಳು’ ಅಂತ ಬರೆಸಿ.

ಬೀಪಿ ಅಂತ ಗೋಡೆ ಮೇಲೆ ಬರೆಯುವುದು ನಾಚಿಕೆಗೇಡು. ರಕ್ತದೊತ್ತಡ ಕೂಡ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ‘ನೆತ್ತರೊತ್ತಡ’ ಸರಿ.

ತಂಬಾಕು ಪರದೇಶಿ. ‘ಹೊಗೆಸೊಪ್ಪು’ ನಮ್ಮದು. ಈ ಗಿಡ ಪೋರ್ಚುಗೀಸರ ಜೊತೆ ಬಂದಾಗ ನಮ್ಮ ಹಿರಿಯರು ಯಾರ ಪದಕ್ಕೂ ಕೈ ಚಾಚಲಿಲ್ಲ. ತಮಿಳರು ಪುಗೈಯಿಲೈ, ತೆಲುಗರು ಪೊಗಾಕು, ಮಲೆಯಾಳಿಗಳು ಪುಗಯಿಲ ಅಂದರು. ನಾವು ಹೊಗೆಸೊಪ್ಪು ಅಂದೆವು. ನಾಲ್ಕು ನುಡಿಗಳೂ ಒಂದೇ ಬಗೆಯಲ್ಲಿ ಪದ ಕಟ್ಟಿದವು. ಮೆಣಸಿನಕಾಯಿಗೂ ಹಾಗೇ ಮಾಡಿದೆವು. ಆ ಕಸುವು ಈಗ ಎಲ್ಲಿ ಹೋಯಿತು?

(ಮೈಸೂರು)

ಮರು:

ರಕ್ತದೊತ್ತಡ ಅರಿಸಮಾಸ ಅಲ್ಲ. ‘ರಕ್ತದ’ ಅಂತ ವಿಭಕ್ತಿ ಉಳಿದಿದೆ. ಬರೀ ಲೋಪಸಂಧಿ. ಮೊದಲು ಅದನ್ನು ನೋಡಿಕೊಳ್ಳಿ.

ಹೊಗೆಸೊಪ್ಪು ಹುಣಸೂರು, ಪಿರಿಯಾಪಟ್ಟಣದವರಿಗೆ ಸರಿ. ಅಲ್ಲಿ ಅದು ಬೆಳೆಯ ಹೆಸರು. ನಿಪ್ಪಾಣಿಯಲ್ಲೂ ರಾಶಿರಾಶಿ ಬೆಳೆಯುತ್ತಾರೆ, ಆದರೆ ನಮ್ಮ ಕಡೆ ಅದು ತಂಬಾಕ. ಅಂಗೈಯಲ್ಲಿ ಸುಣ್ಣ ಹಾಕಿ ತಂಬಾಕ ತಿಕ್ಕುವವನಿಗೆ ಆ ಪದ ಪರದೇಶಿ ಅಲ್ಲ. ಪರ್ಶಿಯನ್, ಹಿಂದುಸ್ತಾನಿ ಹಾದು ಬಂದರೇನು? ಬಂದು ನಾಲ್ಕು ನೂರು ವರ್ಷ ಆಯಿತು.

ಇನ್ನೊಂದು. ಹೊಗೆಸೊಪ್ಪು ಅಂತ ಹಿಡಿದರೆ ಮಾದರಿಯ ಮಾತು ‘ಹೊಗೆಯಿಲ್ಲದ ಹೊಗೆಸೊಪ್ಪು’ ಆಗುತ್ತದೆ. ಅದನ್ನು ಗೋಡೆ ಮೇಲೆ ಬರೆಯುತ್ತೀರಾ?

ತಲೆಬರಹಕ್ಕೆ ನನ್ನದು: ‘ಕಾಯಿಲೆಗೆ ಇವೇ ದಾರಿ’.

(ಧಾರವಾಡ)

ಮರು:

ನಾನು ವೈದ್ಯೆ, ಭಾಷೆ ಓದಿದವಳಲ್ಲ. ಆದರೂ ‘ಇವೇ’ ಅನ್ನುವುದಕ್ಕೆ ನನ್ನ ಆಕ್ಷೇಪ ಇದೆ. ಆ ಏಕಾರ ಬಂದರೆ ಬೇರೆ ದಾರಿ ಇಲ್ಲ ಅಂತಾಗುತ್ತದೆ. ತಂಬಾಕು ಮುಟ್ಟದವರಿಗೂ ಬಾಯಿ ಕ್ಯಾನ್ಸರ್ ಬಂದದ್ದಿದೆ. ಮುಟ್ಟಿದ ಎಲ್ಲರಿಗೂ ಬರುವುದಿಲ್ಲ. ಬರುವ ಸಾಧ್ಯತೆ ಜಾಸ್ತಿ ಆಗುತ್ತದೆ, ಅಷ್ಟೇ. ‘ಅಪಾಯಕಾರಿ ಅಂಶ’ಕ್ಕೆ ಮೂಲವಾದ ಇಂಗ್ಲಿಷಿನ ‘ರಿಸ್ಕ್ ಫ್ಯಾಕ್ಟರ್’ ಕೂಡ ಹಳೆಯ ಪದವೇನಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಲ್ಲಿ 1948ರಿಂದ ಸಾವಿರಾರು ಜನರ ಹೃದಯ ನೋಡುತ್ತಾ ಬಂದ ವೈದ್ಯರು 1961ರಲ್ಲಿ ಅದಕ್ಕೆ ಚಾಲ್ತಿ ಕೊಟ್ಟರು. ‘ಇದೇ ಕಾರಣ’ ಅಂತ ಒಬ್ಬ ರೋಗಿಯ ಮುಂದೆ ಬೆರಳು ತೋರಿಸಿ ಹೇಳಲಾಗದ ಕಡೆಗೆ ಬೇಕಾದ ಪದ ಅದು. ‘ಕುತ್ತು’ ಅಂದರೆ ಎದುರಿಗೆ ಬಂದು ನಿಂತ ಅಪಾಯ. ಉಪ್ಪು ಹಾಗಲ್ಲ. ದಿನಕ್ಕೆ 5 ಗ್ರಾಂ ದಾಟಬೇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಾಟಿದವರಿಗೆ ಅವತ್ತೇ ಏನೂ ಆಗುವುದಿಲ್ಲ. ಇಪ್ಪತ್ತು ವರ್ಷ ಬಿಟ್ಟು ಲಕ್ವ ಹೊಡೆಯಬಹುದು, ಕಿಡ್ನಿ ಹೋಗಬಹುದು.

ಬೀಪಿ ಬಿಡಬೇಡಿ, ದಯವಿಟ್ಟು. ‘ಬೀಪಿ ಇದೆ’ ಅಂದರೆ ಒತ್ತಡ ಜಾಸ್ತಿ ಇದೆ ಅಂತ ಎಲ್ಲರಿಗೂ ಗೊತ್ತು. ‘ನೆತ್ತರೊತ್ತಡ ಇದೆಯಾ’ ಅಂತ ಕೇಳಿದರೆ ರೋಗಿ ಗಾಬರಿಯಾಗುತ್ತಾರೆ.

ಬಾಯಿಗೆ ಹಾಕುವ ತಂಬಾಕಿಗೆ ಒಳ್ಳೆಯ ಪದ ಹುಡುಕಿ, ನಿಮ್ಮ ಕಾಲಿಗೆ ಬೀಳುತ್ತೇನೆ. 2016-17ರ ದೇಶದ ತಂಬಾಕು ಸಮೀಕ್ಷೆಯಲ್ಲಿ ದೊಡ್ಡವರ ಪೈಕಿ ಸೇದುವವರು 10.7%. ಬಾಯಿಗೆ ಹಾಕುವವರು 21.4%, ಅಂದರೆ ಎರಡು ಪಟ್ಟು. ನಮ್ಮ ಬೋರ್ಡುಗಳಲ್ಲಿ ಮಾತ್ರ ಎಲ್ಲಿ ನೋಡಿದರೂ ಸಿಗರೇಟಿನ ಚಿತ್ರ.

ಜೊತೆಗೆ ಅಡಿಕೆಯನ್ನೂ ಬರೆಯಿರಿ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಿಮ್ಮ ದೊಡ್ಡಪ್ಪನವರ ಬಾಯಿ ಮುಚ್ಚಿಕೊಳ್ಳುತ್ತಾ ಬಂತಲ್ಲ, ಕೆನ್ನೆಯ ಒಳಪದರ ಹಾಗೆ ಬಿಗಿಯುವುದು ಅಡಿಕೆಯಿಂದಲೇ.

(ದಾವಣಗೆರೆ)

ಮರು:

ವೈದ್ಯರು ಬೀಪಿ, ಶುಗರ್ ಅಂದುಕೊಂಡೇ ಕನ್ನಡವನ್ನು ಈ ಸ್ಥಿತಿಗೆ ತಂದರು. ಜನಕ್ಕೆ ಗೊತ್ತಿಲ್ಲ ಅನ್ನುವುದು ನೆಪ. ಬಳಸಿದರೆ ಗೊತ್ತಾಗುತ್ತದೆ. ಧೂಮಪಾನ ಯಾರಿಗೆ ಗೊತ್ತಿತ್ತು? ನಾವು ಹೊಗೆ ಕುಡಿಯುತ್ತೇವಾ? ಸೇದುತ್ತೇವೆ.

(ಮೈಸೂರು)

ಮರು:

ಆಯುರ್ವೇದದಲ್ಲಿ ಧೂಮಪಾನ ಇದೆ. ಔಷಧಿಯ ಹೊಗೆ ಎಳೆಯುವ ಚಿಕಿತ್ಸೆ ಅದು. ಬೀಡಿಗೆ ಆ ಪದ ಅಂಟಿಸಿದ್ದು ತಪ್ಪು ಅನ್ನಿ, ಒಪ್ಪುತ್ತೇನೆ. ಪದವೇ ಹೊಸದು ಅನ್ನಬೇಡಿ.

ಬಳಸಿದರೆ ಗೊತ್ತಾಗುತ್ತದೆ ಅನ್ನುವುದು ಪಠ್ಯಪುಸ್ತಕಕ್ಕೆ ಸರಿ. ಗೋಡೆಗೆ ಸರಿಯಲ್ಲ. ದಾರಿಯಲ್ಲಿ ಹೋಗುವವರು ಅದನ್ನು ಒಮ್ಮೆ ನೋಡುತ್ತಾರೆ, ಅಷ್ಟೇ.

(ಧಾರವಾಡ)

ಮರು:

ಎಲ್ಲರಿಗೂ ನಮಸ್ಕಾರ. ಜಗಳದ ನಡುವೆಯೇ ನನಗೆ ಬೇಕಾದದ್ದು ಸಿಕ್ಕಿತು.

ದಾವಣಗೆರೆಯ ಮೇಡಂ ಅಡಿಕೆಯನ್ನೂ ಬರೆಯಿರಿ ಅಂದಾಗ ಒಂದು ದಿನ ಸುಮ್ನೆ ಕೂತೆ. ನಮ್ಮದೂ ಅಡಿಕೆ ತೋಟದ ಮನೆ. ನಾನು ಓದಿದ್ದು ಅದೇ ದುಡ್ಡಲ್ಲಿ. ಆ ಪದವನ್ನು ಊರ ಗೋಡೆಯ ಮೇಲೆ ಕ್ಯಾನ್ಸರ್ ಪಕ್ಕ ಬರೆಸುವುದು ಸುಲಭ ಅಲ್ಲ. ಆದರೆ ಮುಚ್ಚಿಟ್ಟರೆ ದೊಡ್ಡಪ್ಪನಿಗೆ ಮೋಸ ಮಾಡಿದ ಹಾಗೆ.

ಆಗ ‘ಕವಳ’ ನೆನಪಾಯಿತು. ಮೊದಲ ಓಲೆಯಲ್ಲೇ ಬರೆದಿದ್ದೆ, ಗಮನಿಸಿರಲಿಲ್ಲ. ಎಲೆ, ಸುಣ್ಣ, ಅಡಿಕೆ, ತಂಬಾಕು ಎಲ್ಲ ಸೇರಿ ಬಾಯಿಗೆ ಹೋಗುವುದೇ ಕವಳ. ತಂಬಾಕು ಹಾಕದವರದ್ದೂ ಕವಳವೇ. ಮೇಡಂ ಹೇಳಿದ್ದಷ್ಟೂ ಆ ಒಂದೇ ಪದದಲ್ಲಿದೆ.

ಮೈಸೂರಿನ ಸರ್, ಕವಳ ಸಂಸ್ಕೃತ, ತುತ್ತು ಅಂತ ಅರ್ಥ, ನನಗೆ ಗೊತ್ತು. ಬದಲಿಸುವುದಿಲ್ಲ. ದೊಡ್ಡಮ್ಮ ದಿನಾ ಊಟ ಆದ ಮೇಲೆ “ಕವಳದ ಬಟ್ಟಲು ತಗಂಡು ಬಾ” ಅನ್ನುತ್ತಿದ್ದರು. ಅದು ನಮ್ಮ ಮನೆಯ ಮಾತು. ಹುಣಸೂರಲ್ಲಿ ಬರೆಸುವುದಾದರೆ ಹೊಗೆಸೊಪ್ಪು, ಕಡ್ಡಿಪುಡಿ ಅಂತಲೇ ಬರೆಸುತ್ತಿದ್ದೆ. ಧಾರವಾಡದಲ್ಲಿ ತಂಬಾಕ. ಗುಟ್ಕಾ ಮಾತ್ರ ಎಲ್ಲಾ ಕಡೆ ಗುಟ್ಕಾ. 2013ರಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧ ಆಗಿದೆ, ಹೆಸರಂತೂ ಯಾರೂ ಮರೆತಿಲ್ಲ.

ತಲೆಬರಹದ ಏಕಾರ ತೆಗೆದಿದ್ದೇನೆ. ಪೇಂಟರಿಗೆ ಕಳಿಸಿದ್ದು ಇದು:

ಕಾಯಿಲೆಗೆ ಇವು ದಾರಿ. ತಡೆಯಲು ಆಗುತ್ತದೆ.
ಕವಳ, ಗುಟ್ಕಾ: ಬಾಯಿ ಕ್ಯಾನ್ಸರ್, ಬಾಯಿ ತೆರೆಯಲಾಗದ ಕಾಯಿಲೆ
ಬೀಡಿ, ಸಿಗರೇಟು: ಶ್ವಾಸಕೋಶದ ಕ್ಯಾನ್ಸರ್, ಹಾರ್ಟ್ ಅಟ್ಯಾಕ್

ತಂಬಾಕಿನ ಸಾಲು ಒಡೆದು ಎರಡಾಯಿತು. ಒಟ್ಟು ಎಂಟು ಸಾಲಿಗೆ ಗೋಡೆ ಸಾಕಾಗುತ್ತದೆ ಅಂದಿದ್ದಾರೆ. ಉಳಿದವಕ್ಕೆ ತೊಂದರೆ ಇಲ್ಲ. ‘ಒಲೆಯ ಹೊಗೆ’ ಮುಂದೆ ‘ದಮ್ಮು’ ಅಂತ ಬರೆಯುತ್ತಿದ್ದೇನೆ. ಕಟ್ಟಿಗೆ ಒಲೆ ಊದಿ ಊದಿ ಬರುವ, ಆಮೇಲೆ ವಾಸಿಯಾಗದ ಏದುಸಿರಿಗೂ ನಿಮ್ಮ ಕಡೆ ದಮ್ಮು ಅಂತಲೇ ಅನ್ನುತ್ತಾರಾ, ಅಥವಾ ಅದು ಅಸ್ತಮಾಕ್ಕೆ ಮಾತ್ರವೇ? ಗೊತ್ತಿದ್ದವರು ಶುಕ್ರವಾರ ರಾತ್ರಿಯೊಳಗೆ ತಿಳಿಸಿ.

(ಸಿದ್ದಾಪುರ)